ಕಡೀ ಪಾಳಿಯ ಬಾಗಿಲು

ನಿಪ್ಪಾಣಿಯ ಒಂದು ತಂಬಾಕು ಗೋದಾಮಿನ ಅಟ್ಟದ ಮೇಲೆ, ಎಂಬತ್ತರ ದಶಕದ ನಡುವಿನ ಒಂದು ಭಾನುವಾರ ಬೆಳಿಗ್ಗೆ, ಈ ದೇಶದ ಸಮಸ್ತ ಬ್ಯಾಂಕುಗಳನ್ನು ನನ್ನ ವಶಕ್ಕೆ ಒಪ್ಪಿಸಲಾಯಿತು. ಒಪ್ಪಿಸಿದವರು ನನ್ನನ್ನೂ ಸೇರಿಸಿ ಏಳು ಜನ. ವಿರೋಧ ಯಾರದೂ ಬರಲಿಲ್ಲ. ಇಬ್ಬರು ಸೀನಿದರು, ಅಷ್ಟೇ.

ಸೀನನ್ನು ನಾವು ಸಮ್ಮತಿ ಎಂದೇ ತಿಳಿಯುತ್ತಿದ್ದೆವು. ಕೆಳಗೆ ತಂಬಾಕಿನ ಚೀಲ ಎತ್ತಿಹಾಕುವಾಗ ಎದ್ದ ಪುಡಿ ಅಟ್ಟದ ಹಲಗೆಗಳ ಸಂದಿಯಿಂದ ಮೇಲೆ ಬರುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಅದು ಬಂಗಾರದ ಬಣ್ಣಕ್ಕೆ ತಿರುಗಿ ನಿಧಾನಕ್ಕೆ ತೇಲುವುದನ್ನು ನೋಡುತ್ತ ಕೂತರೆ ಎಂಥ ಕ್ರಾಂತಿಯಾದರೂ ಆದೀತು ಅನ್ನಿಸುತ್ತಿತ್ತು. ಗೋದಾಮಿನ ಸಾವಕಾರರು ಅಟ್ಟವನ್ನು ನಮ್ಮ ಅಧ್ಯಯನ ಮಂಡಳಕ್ಕೆ ಪುಕ್ಕಟೆ ಬಿಟ್ಟುಕೊಟ್ಟಿದ್ದರು. ಕ್ರಾಂತಿಯ ಮೊದಲ ವಾರದಲ್ಲೇ ಜಪ್ತಿಯಾಗಬೇಕಾದ ಗೋದಾಮುಗಳ ಪಟ್ಟಿಯಲ್ಲಿ ಅವರದೂ ಇತ್ತು. ಅದನ್ನು ಅವರಿಗೆ ತಿಳಿಸುವುದು ಸೌಜನ್ಯವಲ್ಲ ಎಂದು ಸುಮ್ಮನಿದ್ದೆವು.

ಮಂಡಳದ ಹಿರಿಯರು ಗುರುಜಿ. ಮರಾಠಿ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬಿಳಿ ಪಾಯಿಜಾಮ, ತಲೆಗೆ ಟೋಪಿ, ಕಂಕುಳಲ್ಲಿ ಛತ್ರಿ, ಮಳೆಯಿರಲಿ ಬಿಡಲಿ. ದೂರದ ದೊಡ್ಡ ಸಮಾಜವಾದಿ ದೇಶದಲ್ಲಿ ಅಚ್ಚಾಗಿ, ಹಡಗು ಹತ್ತಿ, ಚುರುಮುರಿಯ ರೇಟಿಗೆ ನಮ್ಮೂರು ಮುಟ್ಟುತ್ತಿದ್ದ ನುಣುಪು ಕಾಗದದ ಪುಸ್ತಕಗಳು ಅವರ ಮನೆಯಲ್ಲಿ ಒಂದು ಕಪಾಟು ತುಂಬ ಇದ್ದವು. ಕಪಾಟಿನ ಒಂದೊಂದು ಹಲಗೆಯ ಅಂಚಿಗೂ ಅವರು ಪೆನ್ಸಿಲಿನಿಂದ ವಿಷಯ ಬರೆದಿದ್ದರು: ಇತಿಹಾಸ, ತತ್ತ್ವಜ್ಞಾನ, ಅರ್ಥಶಾಸ್ತ್ರ. ಆ ಹಲಗೆಗಳ ಮಾತು ಮುಂದೆ ಬರುತ್ತದೆ.

ಆ ಭಾನುವಾರ ಗುರುಜಿ ಖಾತೆ ಹಂಚಿದರು. ಮಂಡಳದಲ್ಲಿದ್ದ ಬಸ್ ಕಂಡಕ್ಟರನಿಗೆ ಸಾರಿಗೆ, ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವನಿಗೆ ವರ್ತಮಾನ ಪತ್ರಿಕೆಗಳು. ಗೋದಾಮಿನ ಓಣಿಯಲ್ಲೇ ಇದ್ದ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಹಣ ಮತ್ತು ಬ್ಯಾಂಕು.

"ಕ್ರಾಂತಿ ಆದ ಮರುದಿವಸ ಜನ ಸೀದಾ ಬ್ಯಾಂಕಿಗೆ ಬರತಾರ," ಎಂದರು ಗುರುಜಿ. "ಬಂದವರಿಗೆ ಏನು ಹೇಳೂದು? ಇದನ್ನ ಈಗಿಂದನ ಬರದಿಡಬೇಕು. ಆವತ್ತ ಗಡಿಬಿಡಿ ಇರತೈತಿ."

"ಬ್ಯಾಂಕು ಸರ್ಕಾರದ್ದಾಗಿ ಆಗಲೇ ಎಷ್ಟೋ ವರ್ಷ ಆತಲ್ರಿ, ಗುರುಜಿ," ಎಂದೆ.

"ಅಹೋ, ಅದು ಬೋರ್ಡ ಬದಲಿ ಆದದ್ದು. ಒಳಗ ಕುಂತ ಮ್ಯಾನೇಜರ್ ಬದಲಿ ಆಗ್ಯಾನೇನು?"

ಆಗಿರಲಿಲ್ಲ. ನಾನು ಒಪ್ಪಿಕೊಂಡೆ.

ತಂತಮ್ಮ ಖಾತೆಯ ಮೇಲೆ ಒಬ್ಬೊಬ್ಬರೂ ಒಂದು ಪ್ರಬಂಧ ಬರೆಯಬೇಕಿತ್ತು. ನನ್ನದನ್ನು ಬರೆದದ್ದು ಬ್ಯಾಂಕಿನ ಕೌಂಟರಿನಲ್ಲೇ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ನಿಪ್ಪಾಣಿಯಲ್ಲಿ ಆ ಹೊತ್ತಿಗೆ ಗಾಳಿ ಕೂಡ ತಂಬಾಕು ಹಾಕಿಕೊಂಡು ಕೂತಂತೆ ಮಂದವಾಗಿರುತ್ತದೆ. ಪಂಖ ತಿರುಗುತ್ತಿತ್ತು. ಹಿತ್ತಾಳೆಯ ಟೋಕನ್ನುಗಳು ತಟ್ಟೆಯಲ್ಲಿ ಮಲಗಿರುತ್ತಿದ್ದವು. ಗಾಜಿನ ಆಚೆ ಮ್ಯಾನೇಜರು ಕಣ್ಣು ಮುಚ್ಚಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಿದ್ದರು. ಈಚೆ ನಾನು ಅವರನ್ನು ಏನು ಮಾಡಬೇಕೆಂದು ಯೋಚಿಸುತ್ತಿದ್ದೆ. ಮೊದಲ ಕರಡಿನಲ್ಲಿ ಅವರನ್ನು ಕೆಲಸದಿಂದ ತೆಗೆದಿದ್ದೆ. ಎರಡನೆಯದರಲ್ಲಿ, ಅವರ ಮನೆಯಾಕೆ ಹಬ್ಬಕ್ಕೆ ಕಳಿಸಿದ್ದ ಕರಿಗಡಬು ನೆನಪಾಗಿ, ಟೋಕನ್ ಕೊಡುವ ಕೆಲಸಕ್ಕೆ ಉಳಿಸಿಕೊಂಡೆ. ಇತಿಹಾಸ ನಿರ್ದಯವಾಗಿರಬೇಕು ಎಂದು ಗುರುಜಿ ಹೇಳುತ್ತಿದ್ದರು. ಆದರೆ ಇತಿಹಾಸಕ್ಕೆ ಯಾರೂ ಕರಿಗಡಬು ಕಳಿಸಿರಲಿಲ್ಲ.

ಬರೆಯುತ್ತ ಬರೆಯುತ್ತ ಕಣ್ಣು ಎಳೆಯುತ್ತಿತ್ತು. ಆಗ ನನ್ನ ಬ್ಯಾಂಕು ತಾನಾಗಿಯೇ ಬದಲಾಗತೊಡಗುತ್ತಿತ್ತು. ಗೋಡೆಗಳು ತೆಳ್ಳಗಾಗುತ್ತಿದ್ದವು. ರಾಯಬಾಗದ ಕಡೆಯವರು ಬೆಲ್ಲದ ಪೆಂಟೆ ಹೊತ್ತು ಬರುತ್ತಿದ್ದರು, ಅಥಣಿಯ ಕಡೆಯವರು ಬುಟ್ಟಿ ತುಂಬ ದ್ರಾಕ್ಷಿ ತರುತ್ತಿದ್ದರು. ನಾನು ತೂಗಿ ಒಂದೊಂದು ಚೀಟಿ ಕೊಡುತ್ತಿದ್ದೆ. ಚೀಟಿ ಕೊಟ್ಟವನು ಬೇಕಾದ್ದು ಒಯ್ಯುತ್ತಿದ್ದ. ಆಮೇಲೆ ಚೀಟಿಯೂ ಬೇಡವಾಗಿ ಜನ ಸುಮ್ಮನೆ ತಂದಿಟ್ಟು ಸುಮ್ಮನೆ ಒಯ್ಯುತ್ತಿದ್ದರು. ಕೊನೆಯ ಘಟ್ಟದಲ್ಲಿ ತಿಜೋರಿಯಿದ್ದ ಕೋಣೆಯಲ್ಲಿ ಉಳಿಯುತ್ತಿದ್ದದ್ದು ಒಂದು ಬೆಂಚು, ಒಂದು ನೀರಿನ ಹರವಿ. ಬಿಸಿಲಲ್ಲಿ ದಣಿದವರು ಒಳಗೆ ಬಂದು, ನೀರು ಕುಡಿದು, ತಂಪಿನಲ್ಲಿ ಕೂತು ಎದ್ದು ಹೋಗುತ್ತಿದ್ದರು. ಬ್ಯಾಂಕಿನಿಂದ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಆದದ್ದನ್ನು ನಾನು ಮುಂದಿನ ಇಪ್ಪತ್ತು ವರ್ಷದ ನೌಕರಿಯಲ್ಲೂ ನೋಡಲಿಲ್ಲ.

ಇಷ್ಟರಲ್ಲಿ ಯಾರಾದರೂ "ಸಾಹೇಬ್ರ, ಪಾಸಬುಕ್ಕ," ಎಂದು ಗಾಜು ಬಡಿಯುತ್ತಿದ್ದರು. ಗೋಡೆಗಳು ಮತ್ತೆ ದಪ್ಪಗಾಗುತ್ತಿದ್ದವು.

ನಮ್ಮ ಮನೆ ನಡೆಯುತ್ತಿದ್ದದ್ದು ಬೀಡಿಯ ಮೇಲೆ. ನನ್ನ ಬಿ.ಕಾಂ. ಕೂಡ ಅಕ್ಕ ಕಟ್ಟಿದ ಬೀಡಿಯದೇ. ಅಂಗಳದ ಬೇವಿನ ನೆರಳಿನಲ್ಲಿ ಓಣಿಯ ಹೆಣ್ಣುಮಕ್ಕಳು ಮೊರ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು. ಎಲೆ ಕತ್ತರಿಸಿ, ಚಿಟಿಕೆ ತಂಬಾಕು ಸುತ್ತಿ, ಉಗುರಿನಿಂದ ತುದಿ ಮಡಚಿ, ದಾರ ಬಿಗಿಯುವುದು. ಈ ಕೆಲಸಕ್ಕೆ ಕೈ ಬೇಕು, ಕಣ್ಣು ಅರ್ಧ ಸಾಕು, ಕಿವಿಯಂತೂ ಪೂರಾ ಖಾಲಿ. ಅದಕ್ಕೇ ಓದು ಬಲ್ಲವರು ಯಾರೇ ಮನೆಯಲ್ಲಿದ್ದರೂ ಅವರನ್ನು ಹಿಡಿದು ಕೂರಿಸಿ ಪೇಪರು ಓದಿಸುವುದು ನಮ್ಮ ಓಣಿಯ ರಿವಾಜು. ಪ್ರತಿ ಭಾನುವಾರ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಬಸ್ಸು ಬಂದ್ ಆಗಲಿದೆ, ಸಕ್ಕರೆ ತುಟ್ಟಿಯಾಗಲಿದೆ, ಮಂತ್ರಿಗಳು ಚಿಕ್ಕೋಡಿಗೆ ಬರಲಿದ್ದಾರೆ. ಅವರು ತಲೆ ಎತ್ತದೆ ಕೇಳುತ್ತಿದ್ದರು. ನಾನು ಓದಿದ್ದು ಯಾವತ್ತೂ ಸುಳ್ಳಾಗಿರಲಿಲ್ಲ, ಮಂತ್ರಿಗಳದೊಂದು ಬಿಟ್ಟು.

ಅಂಗಳದಲ್ಲಿ ಕೂಡುತ್ತಿದ್ದವರು ಅಕ್ಕನೂ ಸೇರಿ ಹನ್ನೆರಡು ಮಂದಿ. ಅವರದು ಒಂದು ಭಿಶಿ ಇತ್ತು. ಗಡಿಯ ಆಚೆ ಈಚೆ ಎಲ್ಲರಿಗೂ ಗೊತ್ತಿರುವ ವ್ಯವಹಾರ: ತಿಂಗಳಿಗೆ ತಲೆಗೆ ಇಪ್ಪತ್ತೈದು ರೂಪಾಯಿ ಕೂಡಿಸುವುದು, ಬಂದ ಮುನ್ನೂರನ್ನು ಒಬ್ಬಳಿಗೆ ಕೊಡುವುದು, ಮುಂದಿನ ತಿಂಗಳು ಇನ್ನೊಬ್ಬಳಿಗೆ. ಬರವಣಿಗೆ ಇಲ್ಲ, ಸಹಿ ಇಲ್ಲ, ಮ್ಯಾನೇಜರ್ ಇಲ್ಲ. ರೊಕ್ಕ ಅಕ್ಕನ ಅಡಿಕೆ ಚೀಲದಲ್ಲಿ ಅರ್ಧ ತಾಸು ಇರುತ್ತಿತ್ತು, ಅಷ್ಟೇ. ಯಾರ ಪಾಳಿ ಯಾವಾಗ ಎಂದು ಚೀಟಿ ಎತ್ತುತ್ತಿದ್ದರು. ಮೊದಲ ಪಾಳಿ ಬಂದವಳು ಕರೋಶಿಯಿಂದ ಒಂದು ಮುದಿ ಎಮ್ಮೆ ತಂದಿದ್ದಳು. ಅಂದಿನಿಂದ ಅವಳಿಗೆ ಓಣಿಯಲ್ಲಿ ಎಮ್ಮಿಯವ್ವ ಎಂದೇ ಹೆಸರು.

ಕಡೀ ಪಾಳಿಗೆ ಮಾತ್ರ ಚೀಟಿ ಎತ್ತಿರಲಿಲ್ಲ. ಅದನ್ನು ಮಾವಶಿ ಮೊದಲೇ ಕೇಳಿ ಇಟ್ಟುಕೊಂಡಿದ್ದಳು. ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆಗಿದ್ದ ಆ ವಿಧವೆಗೆ ಓಣಿಯ ತುದಿಯಲ್ಲಿ ಒಂದೇ ಖೋಲಿಯ ಮನೆ ಇತ್ತು. ಗೋಡೆ ಇತ್ತು, ಮೇಲೆ ತಗಡು ಇತ್ತು, ಬಾಗಿಲು ಇರಲಿಲ್ಲ. ಬಾಗಿಲಿನ ಹೊತ್ತಿಗೆ ರೊಕ್ಕ ಮುಗಿದಿತ್ತು. ಮೂರು ವರ್ಷದಿಂದ ಅಲ್ಲಿ ಒಂದು ಗೋಣಿ ತಟ್ಟು ಜೋತಾಡುತ್ತಿತ್ತು.

"ಮೊದಲ ತಗೊಂಡ್ರ ರೊಕ್ಕ ಹೊಟ್ಟ್ಯಾಗ ಕರಗತೈತಿ," ಎನ್ನುತ್ತಿದ್ದಳು. "ಕಡೀಕ ತಗೊಂಡ್ರ ಮಳಿ ಮುಂದ ಬಾಗಲಾ ಆಗತೈತಿ."

ಬಾಗಿಲಿಲ್ಲದ್ದು ಅವಳಿಗೆ ಬರೀ ಮರ್ಯಾದೆಯ ಮಾತಾಗಿರಲಿಲ್ಲ. ಓಣಿಯ ನಾಯಿಗಳು ತಟ್ಟು ಸರಿಸಿ ಒಳಗೆ ಹೋಗಿ, ನೀರು ಚಿಮುಕಿಸಿಟ್ಟ ಬೀಡಿ ಎಲೆಯ ಮೇಲೆ ತಂಪಾಗಿ ಮಲಗುತ್ತಿದ್ದವು. ನಾಯಿ ಮಲಗಿದ ಎಲೆಯನ್ನು ಗುತ್ತಿಗೆದಾರ ತಿರುಗಿ ಎಸೆಯುತ್ತಿದ್ದ, ಕೂಲಿಯಲ್ಲೂ ಮುರಿದುಕೊಳ್ಳುತ್ತಿದ್ದ. ಹೀಗಾಗಿ ಅವಳು ಮೂರು ವರ್ಷದಿಂದ ಊರು ಬಿಟ್ಟಿರಲಿಲ್ಲ. ಚಿಕ್ಕೋಡಿಗೆ ಕೊಟ್ಟ ಮಗಳು ಆಗ ಎಂಟನೆಯ ತಿಂಗಳ ಬಸುರಿ. ಬಾಗಿಲಿಲ್ಲದ ಮನೆಗೆ ಅವಳನ್ನು ಬಾಣಂತನಕ್ಕೆ ಕರೆತರುವ ಹಾಗಿರಲಿಲ್ಲ. ಅವಳ ಚೊಚ್ಚಲದ ಕೂಸನ್ನು ನೋಡಲು, ನಾಯಿಗೆ ಹೆದರಿ ಹೋಗದೆ ಉಳಿದಿದ್ದಳು ಮಾವಶಿ. ಅದು ಉಳಿಯಲಿಲ್ಲ, ಅವಳು ಅದರ ಮುಖ ನೋಡಲಿಲ್ಲ. ಈ ಸಲದ್ದನ್ನು, ಬಾಗಿಲಿಗೆ ಕೀಲಿ ಹಾಕಿ, ಕೀಲಿ ಸೆರಗಿಗೆ ಕಟ್ಟಿಕೊಂಡು, ಮೊದಲ ಬಸ್ಸಿಗೆ ಹೋಗಿ ನೋಡುವವಳಿದ್ದಳು. ಇಡೀ ಓಣಿಗೆ ಈ ಪ್ರಯಾಣದ ವಿವರ ಬಾಯಿಪಾಠವಾಗಿತ್ತು.

ಅವಳ ತವರು ಕೃಷ್ಣೆಯ ದಂಡೆಯ ಜುಗೂಳ. ಸಣ್ಣವಳಿದ್ದಾಗ ಹೊಳೆ ಬಂದು ಮನೆಯ ಬಾಗಿಲನ್ನೇ ಕಿತ್ತುಕೊಂಡು ಹೋಗಿತ್ತಂತೆ. "ನಾವೆಲ್ಲಾ ದಿಬ್ಬದ ಮ್ಯಾಲ ನಿಂತಿದ್ವಿ. ನಮ್ಮ ಬಾಗಲಾ ಅಂಗಾತ ಮಲಕೊಂಡು, ಚಿಲಕದ ಸಮೇತ, ಕಣ್ಣ ಮುಂದನ ಹೊಂಟತು. ನಮ್ಮ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ." ಈ ಮಾತು ಕೇಳಿದ ಮೇಲೆ ನನ್ನ ಮಧ್ಯಾಹ್ನದ ಕನಸಿಗೂ ಹೊಳೆ ಬಂತು. ಬ್ಯಾಂಕಿನ ತಿಜೋರಿಯ ಕಬ್ಬಿಣದ ಬಾಗಿಲು ಕೃಷ್ಣೆಯ ಮೇಲೆ ಎಲೆಯ ಹಾಗೆ ತೇಲುತ್ತ ಹೋಗುವುದು, ದಂಡೆಯ ಮೇಲೆ ನಿಂತ ಮ್ಯಾನೇಜರು ಟೋಕನ್ ಎತ್ತಿ ತೋರಿಸುವುದು. ಎಚ್ಚರವಾದಾಗ ಕರಡಿನ ಮೇಲೆ ಜೊಲ್ಲು ಬಿದ್ದಿರುತ್ತಿತ್ತು.

ಪ್ರಬಂಧ ಮುಗಿಯಿತು. ಮಂಡಳದ ಮುಂದೆ ಓದುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡೋಣ ಎಂದು ಒಂದು ಭಾನುವಾರ ಮಧ್ಯಾಹ್ನ, ಪೇಪರು ಓದಿ ಮಡಚಿಟ್ಟು, ಅದೇ ಕಟ್ಟೆಯ ಮೇಲೆ, ಅದೇ ದನಿಯಲ್ಲಿ, ಅದನ್ನೂ ಓದಿದೆ.

"ಮೊದಲನೆಯ ದಿನ ಎಲ್ಲ ಬ್ಯಾಂಕುಗಳ ಬಾಗಿಲು ಮುಚ್ಚಲಾಗುವುದು. ಕಾವಲು ಹಾಕಲಾಗುವುದು. ಎಲ್ಲ ಬ್ಯಾಂಕುಗಳನ್ನು ಕೂಡಿಸಿ ಒಂದೇ ಬ್ಯಾಂಕು ಮಾಡಲಾಗುವುದು. ದೊಡ್ಡ ಠೇವಣಿಗಳನ್ನು ಜಪ್ತಿ ಮಾಡಲಾಗುವುದು. ಸಣ್ಣ ಠೇವಣಿದಾರರಿಗೆ ರಕ್ಷಣೆ ಇದೆ. ಕ್ರಮೇಣ ನೋಟುಗಳನ್ನು ರದ್ದುಪಡಿಸಿ..."

ಬೇವಿನ ನೆರಳಿನಲ್ಲಿ ಹನ್ನೆರಡು ಜೊತೆ ಕೈಗಳು ನಿಂತವು. ಸಾಹಿತ್ಯದ ಪ್ರಭಾವ ಎಂದು ತಿಳಿದು ನಾನು ಇನ್ನೂ ಗಟ್ಟಿಯಾಗಿ ಓದಿದೆ.

ಅದು ಪ್ರಬಂಧ ಎಂದು ನಾನು ಹೇಳಿರಲಿಲ್ಲ. ಅವರೂ ಕೇಳಲಿಲ್ಲ. ಆ ಕಟ್ಟೆಯ ಮೇಲಿಂದ ಬಂದದ್ದೆಲ್ಲ ಸುದ್ದಿಯೇ ಆಗಿತ್ತು ಅಲ್ಲಿಯವರೆಗೆ. ಅದರಲ್ಲೂ ಈ ಸಲ ಓದಿದವನು ಬ್ಯಾಂಕಿನೊಳಗಿನ ಮನುಷ್ಯ.

ಮುಂದಿನ ಸಂತೆಯ ದಿನ ನಿಪ್ಪಾಣಿಯ ಬಾಂಡೆ ಅಂಗಡಿಯವನಿಗೆ ಭರ್ಜರಿ ವ್ಯಾಪಾರವಾಯಿತಂತೆ. ನಮ್ಮ ಓಣಿಯ ಹೆಂಗಸರು ನೋಟು ಕೊಟ್ಟು ಕೊಡ, ಪರಾತ, ಚರಿಗೆ ಒಯ್ದರು. ಎಮ್ಮಿಯವ್ವ ಎಮ್ಮೆಗೆ ಆರು ತಿಂಗಳು ಸಾಲುವಷ್ಟು ಹಿಂಡಿ ತಂದು ಒಟ್ಟಿದಳು. ನನಗೆ ಇದ್ಯಾವುದೂ ತಿಳಿಯಲಿಲ್ಲ. ನಾನು ಸಮಾಜವಾದದ ಕೊನೆಯ ಘಟ್ಟದಲ್ಲಿದ್ದೆ, ಹರವಿಯ ಪಕ್ಕದಲ್ಲಿ.

ಅದರ ಮುಂದಿನ ಭಾನುವಾರ ಭಿಶಿಯ ಹನ್ನೆರಡನೆಯ ಕೂಟ. ಮಾವಶಿ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಬಡಿಗನಿಗೆ ಅಳತೆಯನ್ನೂ ಕೊಟ್ಟು ಬಂದಿದ್ದಳು. ಅಕ್ಕ ಅಡಿಕೆ ಚೀಲ ಬಿಚ್ಚಿ ತನ್ನ ಇಪ್ಪತ್ತೈದು ಇಟ್ಟಳು. ಮಾವಶಿ ತನ್ನದು ಇಟ್ಟಳು. ಆಮೇಲೆ ಯಾರೂ ಕೈ ಚಾಚಲಿಲ್ಲ.

"ಯಾಕ್ರವಾ?" ಎಂದಳು ಅಕ್ಕ.

ಎಲ್ಲರೂ ಎಮ್ಮಿಯವ್ವನ ಕಡೆ ನೋಡಿದರು. ಎಮ್ಮಿಯವ್ವ ಗಂಟಲು ಸರಿಮಾಡಿಕೊಂಡಳು. "ನೋಟು ರದ್ದ ಆಗಾಕತ್ತಾವ. ನಿನ್ನ ತಮ್ಮನ ಓದ್ಯಾನ. ರದ್ದ ಆಗೂ ನೋಟು ಕೊಟ್ಟು ಮಾವಶಿಗೆ ಮೋಸ ಮಾಡಬೇಕೇನ? ನಮಗ ಮನಸ ಒಪ್ಪೂದಿಲ್ಲವಾ."

"ಹೌದ ನೋಡ. ದೇವರು ಮೆಚ್ಚತಾನೇನು?" ಎಂದಳು ಇನ್ನೊಬ್ಬಳು, ಹೊಸ ಪರಾತದ ಒಡತಿ.

ಹನ್ನೊಂದು ಮಂದಿಯ ಪಾಳಿ ಮುಗಿದಿತ್ತು. ಒಬ್ಬಳದು ಉಳಿದಿತ್ತು. ಕ್ರಾಂತಿಗೆ ಜನ ಹೇಗೆ ತಯಾರಾಗುತ್ತಾರೆ ಎಂದು ಗುರುಜಿಯ ಪುಸ್ತಕಗಳಲ್ಲಿ ಓದಿ ಓದಿ ತಿಳಿಯದ್ದು ನನಗೆ ಆ ಅಂಗಳದಲ್ಲಿ ಒಂದೇ ಕ್ಷಣದಲ್ಲಿ ತಿಳಿಯಿತು.

ಹೊಸಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಅಕ್ಕ ಕರೆದಳು. "ಬಾರಲೇ ಶ್ಯಾಣ್ಯಾ. ಏನೇನು ಓದಿದ್ಯೋ ಆವತ್ತ?"

"ಅದು ಸುದ್ದಿ ಅಲ್ಲಕ್ಕಾ, ಪ್ರಬಂಧ."

"ಪೇಪರಿನ್ಯಾಗ ಇಲ್ಲದ್ದು ಯಾಕ ಓದಿದ್ಯೋ ಮತ್ತ?"

"ಮುಂದ ಕ್ರಾಂತಿ ಆದಮ್ಯಾಲಿನ ಮಾತ್ರೀ ಅದು," ಎಂದೆ ಎಲ್ಲರಿಗೂ.

"ಯಾವಾಗ ಆಗತೈತಿ?" ಎಮ್ಮಿಯವ್ವ ಕೇಳಿದಳು.

"ಅದು ಹೇಳಾಕ ಬರೂದಿಲ್ಲ."

"ನಾಳಿಗೂ ಆಗಬಹುದು?"

ಆಗುವುದಿಲ್ಲ ಎಂದರೆ ಅಟ್ಟದ ಮೇಲಿನ ಮೂರು ವರ್ಷದ ಸೀನುಗಳೆಲ್ಲ ಸುಳ್ಳು. ಆಗಬಹುದು ಎಂದರೆ ಮಾವಶಿಯ ಬಾಗಿಲು ಹೋಯಿತು. ಮಾವಶಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಿಂದೆ ಹೊಳೆಯ ದಂಡೆಯ ಮೇಲೆ ಹೀಗೇ ನಿಂತು ನೋಡಿರಬೇಕು.

"ಇತಿಹಾಸದ ದೃಷ್ಟಿಯಿಂದ... ಆಗಬಹುದು," ಎಂದೆ.

"ಮತ್ತ?" ಎಂದು ಎಮ್ಮಿಯವ್ವ ಮೊರ ಎತ್ತಿಕೊಂಡು ಎದ್ದಳು.

ಅಕ್ಕ ಆ ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ. "ನೀನ ಹಚ್ಚಿದ ಬೆಂಕಿ. ಆ ನಿನ್ನ ಛತ್ರಿ ಮಾಸ್ತರನ ಕರಕೊಂಡ ಬಾ, ಇಬ್ಬರೂ ಕೂಡಿ ಆರಸ್ರಿ," ಎಂದಳಷ್ಟೆ.

ಗುರುಜಿ ಛತ್ರಿಯ ಹಿಡಿಕೆ ತಿರುಗಿಸುತ್ತ ಎಲ್ಲವನ್ನೂ ಕೇಳಿದರು. ಜನಸಾಮಾನ್ಯರು ಸ್ವಯಂಸ್ಫೂರ್ತಿಯಿಂದ ಮುಂದೆ ಬಂದಿದ್ದಾರೆ ಎಂದು ಮೊದಲು ಅವರಿಗೆ ಸಂತೋಷವೇ ಆದಂತಿತ್ತು. ಬಾಗಿಲಿನ ವಿಷಯ ಬಂದಾಗ ಸಂತೋಷ ಇಳಿಯಿತು. ಮರುದಿನ ಇಸ್ತ್ರಿ ಮಾಡಿದ ಪಾಯಿಜಾಮ ಹಾಕಿಕೊಂಡು ಬೇವಿನ ನೆರಳಿಗೆ ಬಂದು ಕಟ್ಟೆಯ ಮೇಲೆ ಕೂತರು. ಕೈಗಳು ನಿಲ್ಲಲಿಲ್ಲ, ಬೀಡಿ ನಡೆದೇ ಇತ್ತು.

ಗುರುಜಿ ಹಣ ಎಂದರೇನು ಎಂಬಲ್ಲಿಂದ ಆರಂಭಿಸಿದರು. ಅದು ಅವರ ಶಿಸ್ತು. ನೋಟು ಬರೀ ಕಾಗದ, ಅದರ ಹಿಂದಿರುವುದು ದುಡಿತ ಎಂದರು. ಹೆಂಗಸರು ಹೂಂಗುಟ್ಟಿದರು. ಮುಂದೊಂದು ಕಾಲಕ್ಕೆ ಕಾಗದ ಬೇಕಾಗುವುದಿಲ್ಲ, ಕಳ್ಳತನ ಇರುವುದಿಲ್ಲ ಎಂದರು. ಅದಕ್ಕೂ ಹೂಂಗುಟ್ಟಿದರು. ಉಪನ್ಯಾಸದ ರಭಸದಲ್ಲಿ ಅವರು ಬಂದ ಕೆಲಸ ಮರೆತು ಇನ್ನೊಂದು ಹೆಜ್ಜೆ ಮುಂದೆ ಹೋದರು: "ಕಳ್ಳತನನ ಇಲ್ಲಂದ್ರ, ಬಾಗಲಾ ತರೀ ಕಶಾಲಾ? ಬಾಗಲಾ ಯಾಕ ಬೇಕು?"

ಮಾವಶಿ ಮೊದಲ ಸಲ ತಲೆ ಎತ್ತಿದಳು.

"ಗುರುಜಿ, ಕ್ರಾಂತಿ ಆದಮ್ಯಾಲೆ ನಾಯಿ ಒಳಗ ಬರೂದಿಲ್ಲೇನ್ರಿ?"

ನಾನು ಗುರುಜಿಯ ಮುಖವನ್ನು ಆಗ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಒಂದು ಕಪಾಟು ತುಂಬ ಪುಸ್ತಕಗಳನ್ನು ಅವರು ಮನಸ್ಸಿನಲ್ಲೇ ಸರಸರ ತಿರುವಿ ಹಾಕಿದರು. ಜಮೀನ್ದಾರರು ಸಿಕ್ಕರು, ಬಡ್ಡಿಯವರು ಸಿಕ್ಕರು, ದಲ್ಲಾಳಿಗಳು ಸಿಕ್ಕರು. ನಾಯಿ ಎಲ್ಲೂ ಸಿಗಲಿಲ್ಲ. ಬೇವಿನ ಒಂದು ಹಣ್ಣೆಲೆ ತಿರುಗುತ್ತ ತಿರುಗುತ್ತ ಇಳಿದು ಅವರ ಟೋಪಿಯ ಮೇಲೆ ಕೂತಿತು.

"ಬರತಾವು," ಎಂದರು ಕೊನೆಗೆ, ಮೆತ್ತಗೆ.

"ಮತ್ತ ರೊಕ್ಕ ಹೋಕ್ಕೈತಿ ಅಂದ್ರಿ, ಹೋಗವಲ್ದ್ಯಾಕ. ಪಾಳಿನೂ ಹೋಕ್ಕೈತೇನು?" ಎಂದಳು ಮಾವಶಿ.

ಇದಕ್ಕೆ ಗುರುಜಿ ಪುಸ್ತಕ ಹುಡುಕಲಿಲ್ಲ. "ಇಲ್ಲ ಬಾಯಿ. ಪಾಳಿ ಹೋಗೂದಿಲ್ಲ. ಆ ದೇಶದಾಗೂ ಜನ ಸಾಲಾಗಿ ನಿಂತು ಪಾಳಿ ಹಚ್ಚತಾರ, ರೊಟ್ಟಿಗೆ, ಬೂಟಿಗೆ, ಎಲ್ಲಾಕ್ಕೂ. ಫೋಟೋ ನೋಡೇನಿ. ಮುಂದಿನವರು ತಗೊಂಡು ಹಿಂದಿನವರಿಗೆ ಇಲ್ಲ ಅಂದ್ರ ಅದು ಕ್ರಾಂತಿ ಅಲ್ಲ. ಅದು ನಮ್ಮ ಸಾವಕಾರ ಮಾಡೂ ಧಂದೆ."

ಸಾವಕಾರನ ಜೊತೆ ಹೋಲಿಸಿದ್ದು ನಾಟಿತ್ತು. ಎಮ್ಮಿಯವ್ವ ದಾರ ಹಲ್ಲಿನಲ್ಲಿ ಕಡಿದಳು. "ಕೊಡೂದಿಲ್ಲ ಅಂತ ಯಾರ ಅಂದಾರ್ರೀ ಗುರುಜಿ? ಕೊಡಾಕ ರೊಕ್ಕ ಎಲ್ಲೈತಿ ಈಗ? ಎಲ್ಲಾ ಹಿಂಡಿ ಆಗೇತಿ."

ಇದು ನಿಜವಾಗಿತ್ತು. ಅಕ್ಕ ಮತ್ತು ಮಾವಶಿ ಇಟ್ಟ ಐವತ್ತು ಬಿಟ್ಟರೆ ಇಡೀ ಓಣಿಯಲ್ಲಿ ನೋಟೆಂಬುದೇ ಉಳಿದಿರಲಿಲ್ಲ. ನನ್ನ ಪ್ರಬಂಧದ ಕೊನೆಯ ಘಟ್ಟ ಎಂಟೇ ದಿನದಲ್ಲಿ, ಒಂದು ಹನಿ ರಕ್ತವಿಲ್ಲದೆ, ಜಾರಿಯಾಗಿಬಿಟ್ಟಿತ್ತು. ಮಳೆಗೆ ಇನ್ನು ಮೂರು ವಾರ. ಕೂಲಿ ಬಂದು ಮತ್ತೆ ರೊಕ್ಕ ಕೂಡುವ ಹೊತ್ತಿಗೆ ನಾಯಿಗಳು ತಟ್ಟಿನ ಒಳಗೆ ಬೆಚ್ಚಗೆ ಮಲಗಿರುತ್ತಿದ್ದವು, ಕೂಸು ಚಿಕ್ಕೋಡಿಯಲ್ಲಿ ಹುಟ್ಟಿರುತ್ತಿತ್ತು.

"ರೊಕ್ಕ ಯಾರಿಗೆ ಬೇಕಾಗೈತಿ?" ಎಂದಳು ಮಾವಶಿ. "ನನಗ ಬಾಗಲಾ ಬೇಕು."

ಅಕ್ಕ ಎಂದಳು, "ಹಂಗಾದ್ರ ಬಾಗಲಾನ ಕೂಡಸ್ರಿ."

ಹಾಗೆ ಕೂಡಿತು ಆ ಬಾಗಿಲು. ಒಬ್ಬಳ ಗಂಡ ಗೋದಾಮಿನ ಹಮಾಲ. ಒಡೆದ ತಂಬಾಕು ಪೆಟ್ಟಿಗೆಯ ಎರಡು ಹಲಗೆ ತಂದ. ಒಬ್ಬಳು ಮುರಿದ ಚಕ್ಕಡಿಯ ಪಟ್ಟಿ ಕೊಟ್ಟಳು, ಒಬ್ಬಳು ಹೊರಸಿನ ನಾಲ್ಕು ಕಾಲು, ಒಬ್ಬಳು ಗಂಡ ಡ್ರೈವರನಾಗಿದ್ದ ಲಾರಿಯ ಹಿಂಬಾಗಿಲಿನ ಹಳೆಯ ಕೀಲುಗಳು. ಹೊಸ ಪರಾತದ ಒಡತಿ ನಾಲ್ಕು ಮೊಳೆ ತಂದು, ಪರಾತ ಕೊಡುವುದಿಲ್ಲ ಎಂದು ಮೊದಲೇ ಹೇಳಿದಳು. ಬಡಿಗನ ಮಜೂರಿಗೆ ಎಮ್ಮಿಯವ್ವ ಎರಡು ತಿಂಗಳು ಹಾಲು ಒಪ್ಪಿಕೊಂಡಳು. ಅದರಲ್ಲಿ ನೀರಿನ ಪಾಲು ಎಷ್ಟಿತ್ತೆಂದು ಬಡಿಗ ಮುಂದೆ ವರ್ಷಗಟ್ಟಲೆ ಹೇಳುತ್ತಿದ್ದ. ಚಿಲಕ ಮತ್ತು ಕೀಲಿ ನನ್ನ ಪಾಲಿಗೆ. ಇನ್ನೂ ರದ್ದಾಗದ ನೋಟು ಕೊಟ್ಟು ಅಂಗಡಿಯಿಂದ ತಂದೆ.

ಒಂದು ಹಲಗೆ ಕಡಿಮೆ ಬಿತ್ತು. ಬಡಿಗ ಕೈ ಕಟ್ಟಿ ನಿಂತ. ಸಂಜೆಯ ಹೊತ್ತಿಗೆ ಗುರುಜಿ ಬಂದರು. ಒಂದು ಕಂಕುಳಲ್ಲಿ ಛತ್ರಿ, ಇನ್ನೊಂದರಲ್ಲಿ ಉದ್ದನೆಯ ಸಾಗವಾನಿ ಹಲಗೆ. ಅವರ ಕಪಾಟಿನದು. ಅಂಚಿನ ಮೇಲೆ ಪೆನ್ಸಿಲಿನ ಅಕ್ಷರ: ಅರ್ಥಶಾಸ್ತ್ರ.

"ಪುಸ್ತಕ ಎಲ್ಲಿಟ್ಟಿರಿ ಗುರುಜಿ?" ಎಂದು ಕೇಳಿದೆ.

"ನೆಲದ ಮ್ಯಾಲ. ಅವಕ್ಕೇನು ನಾಯಿ ಬರತಾವೇನು?"

ನಾಲ್ಕು ಜಾತಿಯ ಕಟ್ಟಿಗೆಯ ಆ ಬಾಗಿಲು ಒಳಕ್ಕೆ ತೆರೆಯಲಿಲ್ಲ. ಲಾರಿಯ ಕೀಲು ಅಲ್ಲವೇ, ಹೊರಕ್ಕೇ ತೆರೆಯುತ್ತಿತ್ತು. ಹತ್ತಿರ ಹೋದರೆ ತಂಬಾಕಿನ ವಾಸನೆ. ಮೊದಲ ಮಳೆಗೆ ಅದು ಉಬ್ಬಿ ಸಿಕ್ಕಿಹಾಕಿಕೊಂಡಿದ್ದರಿಂದ ಮಾವಶಿ ಅರ್ಧ ದಿನ ಒಳಗೇ ಉಳಿದಳು. ಎಮ್ಮಿಯವ್ವ ಎಳೆದು ಬಿಡಿಸಿದಳು. ಬಡಿಗ ಅಂಚು ಹೊಡೆದುಕೊಟ್ಟ. ಅದರ ಮುಂದಿನ ವಾರ ಚಿಕ್ಕೋಡಿಯಿಂದ ಸುದ್ದಿ ಬಂತು: ಹೆಣ್ಣು ಕೂಸು.

ಮಾವಶಿ ಕೀಲಿ ಹಾಕಿದಳು. ಜಗ್ಗಿ ನೋಡಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗಿ ನೋಡಿದಳು. ಓಣಿಯವರೆಲ್ಲ ಕಟ್ಟೆಯ ಮೇಲೆ ನಿಂತಿದ್ದೆವು. ಒಂದು ನಾಯಿ ಬಂದು ಬಾಗಿಲು ಮೂಸಿ, ಸೀನಿ, ಹೋಯಿತು. ಬಸ್ಸಿನಲ್ಲಿ ನಮ್ಮ ಮಂಡಳದ ಕಂಡಕ್ಟರನೇ ಇದ್ದ. ಕ್ರಾಂತಿಯ ನಂತರ ಪ್ರಯಾಣ ಉಚಿತ ಎಂದು ಅವನ ಪ್ರಬಂಧದಲ್ಲಿತ್ತು. ಆದರೂ ಟಿಕೆಟ್ ಹರಿದ, ಚಿಲ್ಲರೆ ಸರಿಯಾಗಿ ಕೊಟ್ಟ.

ನನ್ನ ಪ್ರಬಂಧವನ್ನು ಅಟ್ಟದ ಮೇಲೆ ಓದಲೇ ಇಲ್ಲ. ಅದು ಈಗಾಗಲೇ ಪ್ರಯೋಗಕ್ಕೆ ಬಂದಿದೆ ಎಂದು ಗುರುಜಿ ದಾಖಲಿಸಿಕೊಂಡರು.

ಆಮೇಲೆ ನನಗೆ ವರ್ಗವಾಯಿತು, ಮೊದಲು ಅಥಣಿಗೆ, ಆಮೇಲೆ ಕಾಗವಾಡಕ್ಕೆ. ಅಕ್ಕನ ಮನೆಗೆ ರಜೆಯಲ್ಲಿ ಬರುತ್ತಿದ್ದೆ. ತೊಂಬತ್ತರ ಮೊದಲ ವರ್ಷಗಳ ಒಂದು ರಜೆಯಲ್ಲಿ ಗುರುಜಿ ನನ್ನನ್ನು ಹುಡುಕಿಕೊಂಡು ಬಂದರು, ಕೈಯಲ್ಲಿ ಪೇಪರು. ಆ ದೊಡ್ಡ ದೇಶ ಒಡೆದು ಚೂರಾಗಿತ್ತು. ಫೋಟೋದಲ್ಲಿ ಹಿಮದ ನಡುವೆ ಬ್ಯಾಂಕಿನ ಮುಂದೆ ರುಮಾಲು ಕಟ್ಟಿದ ಮುದುಕಿಯರ ಪಾಳಿ. ಜೀವಮಾನ ಇಟ್ಟ ರೊಕ್ಕಕ್ಕೆ ಈಗ ಒಂದು ಹೊತ್ತಿನ ರೊಟ್ಟಿಯೂ ಬರುವುದಿಲ್ಲ ಎಂದು ಕೆಳಗೆ ಬರೆದಿತ್ತು.

"ಸಣ್ಣ ಠೇವಣಿದಾರರಿಗೆ ಏನಂತ ಬರದಿದ್ವಿ ನಾವು?" ಎಂದರು.

"ರಕ್ಷಣೆ ಇದೆ ಅಂತ."

"ಹೂಂ." ಪೇಪರನ್ನು ಎಂಟು ಮಡಿಕೆ ಮಾಡಿ ಕಿಸೆಯಲ್ಲಿಟ್ಟರು. "ಆ ಬಾಗಲಾ ಐತೇನು ಇನ್ನೂ?"

ಹೋದೆವು. ಮಧ್ಯಾಹ್ನದ ಬಿಸಿಲು ಓಣಿಯ ತುಂಬ ಹಳದಿ ಪುಡಿಯ ಹಾಗೆ ನಿಂತಿತ್ತು. ಬಾಗಿಲು ಇತ್ತು. ಯಾರೋ ನೀಲಿ ಬಣ್ಣ ಬಳಿದಿದ್ದರು, ಆದರೂ ನಾಲ್ಕು ಕಟ್ಟಿಗೆಯೂ ನಾಲ್ಕು ತರ ಕಾಣುತ್ತಿದ್ದವು. ಗುರುಜಿ ಕನ್ನಡಕ ಏರಿಸಿ ಮೇಲಿನಿಂದ ಮೂರನೆಯ ಹಲಗೆಯ ಅಂಚನ್ನು ಹುಡುಕಿದರು. ಬಣ್ಣದ ಕೆಳಗೆ ಪೆನ್ಸಿಲಿನ ಗುರುತು ಕಾಣಲಿಲ್ಲ. ಅವರು ಬೆರಳಿನಿಂದ ಆ ಜಾಗವನ್ನು ಸವರಿದರು. ಒಳಗೆ ಯಾವುದೋ ಕೂಸು, ಬಹುಶಃ ಚಿಕ್ಕೋಡಿಯದು, ರಜೆಗೆ ಬಂದದ್ದು, ಮಗ್ಗಿ ಒಪ್ಪಿಸುತ್ತಿತ್ತು.

ಗುರುಜಿ ಬಾಗಿಲು ಬಡಿದರು. ಮಗ್ಗಿ ನಿಂತಿತು.

"ಯಾರು?" ಮಾವಶಿಯ ದನಿ.

ಗುರುಜಿ ಬಾಯಿ ತೆರೆದರು. ಅಷ್ಟರಲ್ಲಿ ಚಿಲಕ ಸರಿದು ಬಾಗಿಲು ಹೊರಕ್ಕೆ ತೆರೆಯಿತು, ನಾವಿಬ್ಬರೂ ಹಿಂದೆ ಸರಿದೆವು. ಮಾವಶಿ ನಮ್ಮನ್ನು ನೋಡಲಿಲ್ಲ. ನಮ್ಮ ಹಿಂದೆ ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಲಗೂನ ಒಳಗ ಬರ್ರಿ ಗುರುಜಿ," ಎಂದಳು. "ಬಾಗಲಾ ಹಾಕಬೇಕು. ನಾಯಿ ಬರತಾವ."